ಹಬ್ಬದ ಉಡುಗೊರೆ ಬೇಡ ಅನ್ನೋದನ್ನ ಹಬ್ಬಕ್ಕೆ ಮುಂಚೆನೇ ಹೇಳ್ಕೊಳೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ವರಮಹಾಲಕ್ಷ್ಮಿ ಹಬ್ಬದಿಂದ ಶುರುವಾಗಿ ಗೌರಿ ಗಣೇಶ, ನವರಾತ್ರಿ ಗೊಂಬೆ, ದೀಪಾವಳಿ, ಕೊನೆಗೆ ಸಂಕ್ರಾಂತಿ ಎಳ್ಳು ಬೀರೋವರೆಗೂ ನಮ್ಮ ಮೈಸೂರು ಬೆಂಗಳೂರು ಕಡೆ ಮನೆಗೆ ಒಂದಲ್ಲ ಒಂದು ಕವರು ಬರ್ತಾನೇ ಇರುತ್ತೆ. ಬ್ಲೌಸ್ ಪೀಸು, ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ, ಕುಂಕುಮದ ಭರಣಿ, ಸ್ವೀಟ್ ಬಾಕ್ಸು, ಡ್ರೈ ಫ್ರೂಟ್ಸ್ ಟ್ರೇ, ಗೋಡೆ ಗಡಿಯಾರ, ಗಣಪತಿ ವಿಗ್ರಹ. ಇದ್ರಲ್ಲಿ ಬೇಕಾಗಿದ್ದು ಕಡಿಮೆ, ಬೇಡದೇ ಇರೋದೇ ಜಾಸ್ತಿ. ಆದ್ರೆ ಇದನ್ನ ಬಾಯಿಬಿಟ್ಟು ಹೇಳೋಕೆ ಯಾರಿಗೂ ಧೈರ್ಯ ಬರಲ್ಲ, ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದನ್ನ ಬೇಡ ಅಂದ್ರೆ ಅಶುಭ, ಕೊಟ್ಟೋರಿಗೆ ಅವಮಾನ ಅನ್ನೋ ಭಾವನೆ ಇದೆ, ಆ ಭಾವನೆಗೆ ನಾನೂ ಬೆಲೆ ಕೊಡ್ತೀನಿ, ಮನೆಗೆ ಕರೆದು ಕೂರಿಸಿ ಕೊಟ್ಟ ತಾಂಬೂಲವನ್ನ ಹಿಂದಕ್ಕೆ ತಳ್ಳೋದನ್ನ ನಾನು ಒಪ್ಪಲ್ಲ. ಅದಕ್ಕೇ ಈ ಪತ್ರ. ಕೊಟ್ಟಾಗ ಬೇಡ ಅನ್ನೋಕೆ ಆಗಲ್ಲ ಅಂದ್ಮೇಲೆ ಕೊಡೋಕೆ ಮುಂಚೆನೇ, ಹಬ್ಬಕ್ಕೆ ಇನ್ನೂ ಹದಿನೈದು ಇಪ್ಪತ್ತು ದಿನ ಇರೋವಾಗ್ಲೇ, ಪ್ರೀತಿಯಿಂದ ಹೇಳ್ಕೊಳೋ ಅಭ್ಯಾಸ ನಮ್ಮ ಮನೆಗಳಲ್ಲಿ ಬರ್ಬೇಕು ಅನ್ನೋದು ನನ್ನ ಮಾತು.

ಮೊದಲು ಬ್ಲೌಸ್ ಪೀಸಿನ ವಿಷಯ ಹೇಳ್ತೀನಿ, ಯಾಕಂದ್ರೆ ಎಲ್ಲಕ್ಕಿಂತ ಜಾಸ್ತಿ ಓಡಾಡೋದು ಅದೇ. ಯಾವ ಬಟ್ಟೆ ಅಂಗಡಿಗೆ ಹೋಗಿ ಬ್ಲೌಸ್ ಪೀಸ್ ಕೊಡಿ ಅಂದ್ರೂ ಮೊದಲು ಕೇಳೋದು, ಅಮ್ಮ ಹೊಲಿಸ್ಕೊಳೋದಕ್ಕಾ ಕೊಡೋದಕ್ಕಾ ಅಂತ. ಕೊಡೋದಕ್ಕೆ ಅಂದ ತಕ್ಷಣ ಬೇರೆ ಕಡೆಯಿಂದ ಒಂದು ಕಟ್ಟು ತೆಗೀತಾರೆ, ತೆಳು ಪಾಲಿಯೆಸ್ಟರು, ಒಗೆದ್ರೆ ಬಣ್ಣ ಹೋಗೋದು, ಅಳತೆ ಎಂಬತ್ತು ಸೆಂಟಿಮೀಟರ್ ಇದ್ರೆ ಪುಣ್ಯ, ಅದ್ರಲ್ಲಿ ಸ್ವಲ್ಪ ಮೈಕೈ ತುಂಬಿಕೊಂಡಿರೋ ಹೆಂಗಸಿಗೆ ತೋಳು ಕೂಡ ಸರಿಯಾಗಿ ಬರಲ್ಲ ಅಂತ ಟೈಲರೇ ವಾಪಸ್ ಕೊಡ್ತಾರೆ. ಇನ್ನು ಈಗ ಬರೋ ಸೀರೆಗಳಲ್ಲಿ ಬ್ಲೌಸು ಸೀರೆ ಜೊತೆಗೇ ಬರುತ್ತೆ, ಲೈನಿಂಗ್ ಹಾಕಿ ಹೊಲಿಯೋ ಕೂಲಿ ಈ ಪೀಸಿನ ಬೆಲೆಗಿಂತ ಎಷ್ಟೋ ಪಟ್ಟು, ಅಷ್ಟು ಕೊಟ್ಟು ಈ ಬಟ್ಟೆಯನ್ನ ಯಾರು ಹೊಲಿಸ್ತಾರೆ ಹೇಳಿ. ಹಾಗಾಗಿ ಈ ಬಟ್ಟೆ ತಯಾರಾಗೋದೇ ಕೊಡೋಕೆ. ಅದನ್ನ ತಗೊಂಡೋರು ಬೀರುವಲ್ಲಿಟ್ಟು ಮುಂದಿನ ಶುಕ್ರವಾರ ಇನ್ನೊಬ್ಬರಿಗೆ ಕೊಡ್ತಾರೆ, ಅವ್ರು ಇನ್ನೊಬ್ಬರಿಗೆ. ಯಾರ ಮೈಮೇಲೂ ಬರದೇ ಮಡಿಕೆಯಲ್ಲೇ ಹಳೇದಾಗಿ ಕೊನೆಗೆ ನೆಲ ಒರೆಸೋಕೂ ಬರಲ್ಲ, ಪಾಲಿಯೆಸ್ಟರ್ ನೀರೇ ಹೀರಲ್ಲ.

ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾಕೆ ನಿಲ್ಲಲ್ಲ ಅಂದ್ರೆ, ಪ್ರತಿಯೊಬ್ಬರೂ ಬೇರೆಯವರು ಬೇಕು ಅಂತಾರೇನೋ ಅಂದ್ಕೊಂಡು ಇಡ್ತಾರೆ. ನಮ್ಮ ಬೀದಿಯಲ್ಲಿ ಕೇಳಿ ನೋಡಿ, ಒಬ್ಬೊಬ್ಬರನ್ನ ಬೇರೆಬೇರೆಯಾಗಿ ಕೇಳಿದ್ರೆ ಎಲ್ಲರೂ ಬೇಡ ಅಂತಾರೆ, ಆದ್ರೆ ಹಬ್ಬದ ದಿನ ತಟ್ಟೆಯಲ್ಲಿ ಬ್ಲೌಸ್ ಪೀಸ್ ಇಲ್ಲದೇ ಕುಂಕುಮ ಕೊಟ್ರೆ ಜಿಪುಣಿ ಅಂತಾರೆ ಅನ್ನೋ ಭಯ ಎಲ್ಲರಿಗೂ. ಈ ಭಯ ಹೋಗ್ಬೇಕಾದ್ರೆ ಯಾರಾದ್ರೂ ಮೊದಲು ಬಾಯಿ ಬಿಡ್ಬೇಕು, ಮತ್ತೆ ಅದು ಯಾರು ಅನ್ನೋದು ತುಂಬಾ ಮುಖ್ಯ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಹೇಳಿದ್ರೆ ಈಗಿನ ಕಾಲದ ಹುಡುಗೀರಿಗೆ ಸಂಪ್ರದಾಯ ಬೇಡ ಅಂತ ಮಾತಾಗುತ್ತೆ, ಅವಳ ತವರಿನವರೆಗೂ ಹೋಗುತ್ತೆ. ಬಾಡಿಗೆ ಮನೆಯಲ್ಲಿರೋರು ಹೇಳಿದ್ರೆ ದುಡ್ಡಿಲ್ಲ ಅಂತ ಅಂದ್ಕೋತಾರೆ. ಅದಕ್ಕೇ ನನ್ನ ವಯಸ್ಸಿನ, ಅತ್ತೆಯಾದ, ಅಜ್ಜಿಯಾದ ಹೆಂಗಸರೇ ಮೊದಲು ಹೇಳ್ಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ನಮ್ಮ ಬಾಯಲ್ಲಿ ಬಂದ್ರೆ ಯಾರೂ ತಪ್ಪು ತಿಳ್ಕೊಳಲ್ಲ, ನಾವು ಇಷ್ಟು ವರ್ಷ ಎಲ್ಲ ಮಾಡಿದೀವಿ ಅನ್ನೋದು ಅವ್ರಿಗೂ ಗೊತ್ತು.

ಹೇಗೆ ಹೇಳೋದು ಅಂತ ಕೇಳೋರಿಗೆ, ನಮ್ಮ ಓರಗಿತ್ತಿಯರ ನಡುವೆ ನಡೆಯೋ ಮಾತನ್ನೇ ಹೇಳ್ತೀನಿ. "ಅಕ್ಕ, ಈ ಸಲ ನಿಮ್ಮನೆ ಕುಂಕುಮಕ್ಕೆ ಖಂಡಿತ ಬರ್ತೀನಿ, ಎಲೆ ಅಡಿಕೆ ಹೂವು ತೆಂಗಿನಕಾಯಿ ಸಾಕು, ಬ್ಲೌಸ್ ಪೀಸ್ ಇಡೋಕೆ ಹೋಗ್ಬೇಡಿ, ನಾನೂ ಇಡಲ್ಲ, ನಿಮ್ಮನ್ನ ಕೇಳಿಯೇ ನಿಲ್ಲಿಸೋಣ ಅಂತ." ಇಷ್ಟೇ. ಇದ್ರಲ್ಲಿ ಬರ್ತೀನಿ ಅನ್ನೋದು ಮೊದಲು ಬರ್ಬೇಕು, ನಾನೂ ಇಡಲ್ಲ ಅನ್ನೋದು ಇರ್ಲೇಬೇಕು. ನೀವು ಕೊಡ್ಬೇಡಿ ಅಂದು ನಿಲ್ಲಿಸಿದ್ರೆ ನಿಮ್ಮ ವಸ್ತು ನಮಗೆ ಕಮ್ಮಿ ಅಂದ ಹಾಗೆ ಕೇಳುತ್ತೆ, ನಾನೂ ಕೊಡಲ್ಲ ಅಂತ ಸೇರಿಸಿದ್ರೆ ಇಬ್ಬರ ಭಾರಾನೂ ಇಳಿಯುತ್ತೆ. ಮತ್ತೆ ಇದನ್ನ ಫೋನಲ್ಲಿ ಅಥವಾ ಅವ್ರು ಕರೆಯೋಕೆ ಬಂದಾಗ ಒಬ್ಬೊಬ್ಬರಿಗೇ ಹೇಳ್ಬೇಕು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ ಅಂತ ಕೈಮುಗಿದು ಕೇಳ್ತೀನಿ, ಗ್ರೂಪಲ್ಲಿ ಹಾಕಿದ ಮಾತನ್ನ ಪ್ರತಿಯೊಬ್ಬರೂ ತನಗೇ ಹೇಳಿದ್ದು ಅಂತ ಓದ್ತಾರೆ, ಹಿಂದಿನ ವರ್ಷ ನಾನು ಕೊಟ್ಟಿದ್ದು ಇಷ್ಟ ಆಗಿಲ್ಲ ಅಂತಾನಾ ಅಂತ ಅಲ್ಲಿಂದ ಶುರುವಾಗಿ ಮೂರು ಮನೆ ಮಾತು ಬಿಟ್ಟಿರೋದನ್ನ ನಾನು ನೋಡಿದೀನಿ.

ಮುಂಚೆನೇ ಎಲ್ಲರಿಗೂ ಒಂದೇ ಥರ ಹೇಳಿಬಿಟ್ರೆ ಯಾರಿಗೂ ನೋವಾಗಲ್ಲ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 2021ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವ್ರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಎಲ್ಲ ಬೇಡ, ಬೇಕಿದ್ರೆ ಕನ್ನಡ ಪುಸ್ತಕ ಕೊಡಿ ಅಂದ್ರು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಅವ್ರು ಮುಖ್ಯಮಂತ್ರಿ ಆದ ಮೇಲೆ ಅವ್ರೂ ಅದನ್ನೇ ಹೇಳಿದ್ರು, ಹೂವು ಶಾಲು ತರಬೇಡಿ, ಪ್ರೀತಿ ಇದ್ರೆ ಪುಸ್ತಕ ಕೊಡಿ ಅಂತ. ಬೇರೆಬೇರೆ ಪಕ್ಷದವರು, ಆದ್ರೆ ಇಬ್ಬರೂ ಮಾಡಿದ್ದು ಒಂದೇ. ಶಾಲು ತಂದೋನ ಎದುರಿಗೆ ನಿಂತು ಬೇಡ ಅಂದಿದ್ರೆ ಅವನಿಗೆ ಅವಮಾನ ಆಗ್ತಿತ್ತು, ಮನೆಯಿಂದ ಹೊರಡೋಕೆ ಮುಂಚೆನೇ ಗೊತ್ತಿದ್ರೆ ಅವನೇ ಪುಸ್ತಕ ತರ್ತಾನೆ. ಏನು ಬೇಡ ಅನ್ನೋದ್ರ ಜೊತೆಗೆ ಏನು ಪರವಾಗಿಲ್ಲ ಅಂತಾನೂ ಹೇಳಿದ್ದು ನನಗೆ ತುಂಬಾ ಹಿಡಿಸ್ತು. ಕೊಡೋ ಕೈಗೆ ಏನಾದ್ರೂ ಒಂದು ಬೇಕು, ಬರಿಗೈಲಿ ಬರೋಕೆ ನಮ್ಮ ಜನಕ್ಕೆ ಮನಸ್ಸು ಬರಲ್ಲ. ಅದಕ್ಕೇ ಮನೆಯಲ್ಲೂ ಹಾಗೇ ಹೇಳ್ಬೇಕು, ಡಬ್ಬಿ ಬೇಡ ಒಂದು ಮೊಳ ಮಲ್ಲಿಗೆ ತನ್ನಿ, ಸ್ವೀಟ್ ಬೇಡ ನಿಮ್ಮ ಕೈಯ ಚಟ್ನಿಪುಡಿ ಕೊಡಿ ಅಂತ. ಹಾಗೆ ಕೇಳಿಸ್ಕೊಂಡೋರಿಗೆ ಖುಷಿಯೇ ಆಗುತ್ತೆ.

ಹಾಗಾದ್ರೆ ಸಂಪ್ರದಾಯ ಬಿಟ್ಟುಬಿಡೋದಾ ಅಂತ ಕೇಳೋರು ಇದ್ದಾರೆ. ಅವ್ರಿಗೆ ನಾನು ಹೇಳೋದು, ಹಳೇ ಬಾಗಿನದಲ್ಲಿ ಏನಿರ್ತಿತ್ತು ಅಂತ ಒಂದ್ಸಲ ನೆನೆಸ್ಕೊಳಿ. ಗೌರಿ ಹಬ್ಬದ ಮರದ ಬಾಗಿನ ಅಂದ್ರೆ ಬಿದಿರಿನ ಮೊರ, ಅದ್ರಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ನೋಡಿ, ಎಲ್ಲವೂ ಮನೆಯಲ್ಲಿ ಬಳಸಿ ಖಾಲಿಯಾಗೋ ವಸ್ತುಗಳು ಅಥವಾ ದಿನಾ ಕೈಗೆ ಬೇಕಾಗೋವು. ಬೇಳೆ ಬೆಲ್ಲ ಅಡುಗೆಗೆ, ಮೊರ ಅಕ್ಕಿ ಕೇರೋಕೆ, ರವಿಕೆ ಕಣ ನಿಜವಾಗ್ಲೂ ಹೊಲಿಸಿ ಹಾಕ್ಕೊಳೋಕೆ. ವರ್ಷಕ್ಕೆ ಒಂದೆರಡು ಹೊಸ ರವಿಕೆ ಬಟ್ಟೆ ಬರೋದೇ ದೊಡ್ಡದಾಗಿದ್ದ ಕಾಲ ಅದು. ಆವಾಗ ಕೊಟ್ಟೋರು ತಗೊಳೋರ ಅವಶ್ಯಕತೆ ನೋಡಿ ಕೊಡ್ತಿದ್ರು. ಈಗ ಅದೇ ಬಾಗಿನದ ಹೆಸ್ರಲ್ಲಿ ಪ್ಲಾಸ್ಟಿಕ್ ಮೊರ ಬಂದಿದೆ, ಅದ್ರೊಳಗೆ ಬೆರಳು ಕೂಡ ಹೋಗದ ಸಣ್ಣಸಣ್ಣ ಬಳೆ, ಮುಖ ಕಾಣಿಸದ ಕನ್ನಡಿ, ಹಲ್ಲು ಮುರಿಯೋ ಬಾಚಣಿಗೆ ಎಲ್ಲ ಒಂದು ಪೊಟ್ಟಣದಲ್ಲಿ ಸೇರಿಸಿ ಬಾಗಿನದ ಸಾಮಾನು ಅಂತ ಮಾರ್ತಾರೆ. ಇದು ನನಗೆ ನಿಜವಾಗ್ಲೂ ಸಂಕಟ ಕೊಡುತ್ತೆ. ಗೌರಿ ಮುಂದೆ ಇಟ್ಟು ಪೂಜೆ ಮಾಡಿ ಕೊಡೋ ವಸ್ತು ಬಳಸೋಕೆ ಬರದೇ ಇರೋದಾದ್ರೆ ಕೊಟ್ಟಿದ್ದಕ್ಕೆ ಏನು ಅರ್ಥ. ಮೇದರು ಹೆಣೆದ ಬಿದಿರಿನ ಮೊರವನ್ನೇ ತಗೊಳಿ, ಅವ್ರಿಗೆ ವರ್ಷದಲ್ಲಿ ಜೋರಾಗಿ ವ್ಯಾಪಾರ ಆಗೋದೇ ಈ ಹಬ್ಬದಲ್ಲಿ, ಸಂಖ್ಯೆ ಕಡಿಮೆ ಮಾಡಿ ಆದ್ರೆ ಒಳಗೆ ಕಾಲು ಕೆಜಿ ಒಳ್ಳೆ ಬೇಳೆ, ಒಂದು ಅಚ್ಚು ಒಳ್ಳೆ ಬೆಲ್ಲ ಇಡಿ, ತಗೊಂಡೋರ ಮನೇಲಿ ಮಾರನೇ ದಿನ ಅದು ಒಲೆ ಮೇಲಿರುತ್ತೆ.

ಇನ್ನು ರಿಟರ್ನ್ ಗಿಫ್ಟ್ ಅಂತ ಒಂದು ಹೊಸ ಪದ್ಧತಿ ಶುರುವಾಗಿದೆಯಲ್ಲ, ಅದ್ರ ಬಗ್ಗೆ ನನಗೆ ತುಂಬಾ ಕಳವಳ ಇದೆ. ಆನ್‌ಲೈನಲ್ಲಿ ಹತ್ತು, ಇಪ್ಪತ್ತೈದರ ಸೆಟ್ ಲೆಕ್ಕದಲ್ಲಿ ಕುಂಕುಮದ ಬಟ್ಟಲು, ಸಣ್ಣ ಚೀಲ, ಬಣ್ಣ ಬಳಿದ ದೀಪ ತರಿಸಿ ಬಂದೋರಿಗೆಲ್ಲ ಕೊಡೋದು. ಇದ್ರಿಂದ ಬೇಡದ ಸಾಮಾನು ಸೇರೋದು ಒಂದು ಕಡೆ ಇರ್ಲಿ, ಇದ್ರ ಖರ್ಚಿಗೆ ಹೆದರಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಕುಂಕುಮಕ್ಕೆ ಕರೆಯೋದನ್ನೇ ಕಡಿಮೆ ಮಾಡ್ತಿದ್ದಾರೆ. ನಮ್ಮ ಸಂಬಂಧಿಕರ ಹುಡುಗಿ ಒಬ್ಬಳು ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಇದ್ದಾಳೆ, ಆಂಟಿ ನಮ್ಮ ಫ್ಲೋರಲ್ಲಿ ಎಲ್ಲರೂ ಬೆಳ್ಳಿ ಕೋಟಿಂಗ್ ಬಟ್ಟಲು ಕೊಟ್ರು, ನಾನು ಅಷ್ಟು ಕೊಡೋಕೆ ಆಗಲ್ಲ ಅದಕ್ಕೆ ಯಾರನ್ನೂ ಕರೀಲಿಲ್ಲ ಅಂದ್ಲು. ಅವಳ ಮನೆ ಲಕ್ಷ್ಮಿ ಅಲಂಕಾರ ಎಷ್ಟು ಚೆನ್ನಾಗಿತ್ತು ಗೊತ್ತಾ, ನೋಡೋಕೆ ಒಬ್ಬರೂ ಬರಲಿಲ್ಲ. ಬಟ್ಟಲು ಕೊಡ್ದೇ ಕರೆದ್ರೂ ಬರ್ತೀವಿ ಅಂತ ಅವಳಿಗೆ ಯಾರಾದ್ರೂ ಮೊದಲೇ ಹೇಳಿದ್ರೆ ಅವಳು ಕರೀತಿದ್ಲು. ಹಬ್ಬ ಅಂದ್ರೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರೋದು, ಅದೇ ನಿಂತುಹೋದ್ರೆ ಈ ಬಟ್ಟಲು ಇಟ್ಕೊಂಡು ಏನು ಮಾಡೋದು.

ದೀಪಾವಳಿ ಸ್ವೀಟ್ ಬಾಕ್ಸಿನ ಕಷ್ಟ ಬೇರೆ ಥರ, ಅದು ಕೆಡುತ್ತೆ. ಲೂಸ್ ಸ್ವೀಟ್ ಮಾರೋ ಅಂಗಡಿಗಳು ಎಷ್ಟು ದಿನದೊಳಗೆ ತಿನ್ಬೇಕು ಅನ್ನೋ ತಾರೀಖು ಟ್ರೇ ಮುಂದೆ ಹಾಕ್ಲೇಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ನಿಯಮ ತಂದಿದೆ, ಆದ್ರೆ ಆ ತಾರೀಖು ಅಂಗಡಿ ಟ್ರೇ ಮೇಲೆ ಇರುತ್ತೆ, ಬಾಕ್ಸಿಗೆ ಹಾಕಿ ಕೊಟ್ಟ ಮೇಲೆ ಅದು ನಾಲ್ಕು ಮನೆ ಸುತ್ತಿದ್ರೆ ಯಾವತ್ತು ಮಾಡಿದ್ದು ಅಂತ ಯಾರಿಗೆ ಗೊತ್ತಾಗುತ್ತೆ. ಹಾಲಿನಲ್ಲಿ ಮಾಡಿದ ಸ್ವೀಟು ಒಂದೆರಡು ದಿನಕ್ಕಿಂತ ಇಡೋ ಹಾಗಿಲ್ಲ. ಹಾಗಾಗಿ ಸ್ವೀಟ್ ಬಾಕ್ಸ್ ಬಂದ್ರೆ ಅದನ್ನ ಮುಂದಕ್ಕೆ ಕೊಡೋದಿದ್ರೆ ಅವತ್ತೇ ಕೊಡಿ, ಇವತ್ತೇ ಬಂತು ಇವತ್ತೇ ತಿನ್ನಿ ಅಂತ ಹೇಳಿ ಕೊಡಿ. ಮನೇಲಿ ಶುಗರ್ ಇರೋರು ಅದನ್ನ ಮುಂಚೆನೇ ಹೇಳೋಕೆ ಸಂಕೋಚ ಪಡ್ಬೇಡಿ, ಅದು ನಿಜವಾದ ಕಾರಣ, ಯಾರ ಮನಸ್ಸೂ ನೋಯಲ್ಲ, ಮನೇಲಿ ಇಬ್ಬರಿಗೂ ಶುಗರ್ ಇದೆ, ಸ್ವೀಟ್ ನೋಡಿದ್ರೆ ಯಜಮಾನರು ತಡ್ಕೊಳಲ್ಲ, ಬರೋವಾಗ ಏನೂ ತರ್ಬೇಡಿ ಅಂದ್ರೆ ಕೊಡೋರಿಗೂ ಅರ್ಥ ಆಗುತ್ತೆ. ಇಲ್ಲದ ಕಾರಣ ಹುಟ್ಟಿಸಿ ಹೇಳೋದು ಮಾತ್ರ ಬೇಡ, ಇನ್ನೊಂದು ಮನೆಯಲ್ಲಿ ಅದೇ ಸ್ವೀಟ್ ತಿಂತಾ ಸಿಕ್ಕಿಬಿದ್ರೆ ಸಂಬಂಧವೇ ಕೆಡುತ್ತೆ. ಇನ್ನೊಂದು ವಿಷಯ, ಸ್ವೀಟ್ ಬಾಕ್ಸಿಗೆ ಸುತ್ತೋ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಆಗಿರೋ ಸಾಮಾನುಗಳ ಪಟ್ಟೀಲೇ ಇದೆ, ಆದ್ರೂ ದೀಪಾವಳಿ ಬಂದ್ರೆ ಎಲ್ಲೆಲ್ಲೂ ಅದೇ, ಅಂಗಡಿಯಲ್ಲಿ ಸುತ್ತಬೇಡಿ ಅಂತ ಒಂದು ಮಾತು ಹೇಳಿದ್ರೆ ಸಾಕು.

ಆಫೀಸು ವ್ಯಾಪಾರದ ಗಿಫ್ಟಿನ ಬಗ್ಗೆ ಜಾಸ್ತಿ ಬರೆಯಲ್ಲ. ಕೇಂದ್ರ ಹಣಕಾಸು ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ದೀಪಾವಳಿ ಮತ್ತೆ ಬೇರೆ ಹಬ್ಬಗಳ ಉಡುಗೊರೆಗೆ ಸರ್ಕಾರಿ ಇಲಾಖೆಗಳು ದುಡ್ಡು ಖರ್ಚು ಮಾಡೋ ಹಾಗಿಲ್ಲ ಅಂತ ಆದೇಶ ಮಾಡ್ತು, ಒಳ್ಳೇದಾಯ್ತು. ಕಾಂಟ್ರಾಕ್ಟರು, ಸಪ್ಲೈಯರು ಅಧಿಕಾರಿಗಳ ಮನೆಗೆ ಕಳಿಸೋ ಬಾಕ್ಸುಗಳಲ್ಲಿ ನಯ ನಾಜೂಕಿನ ಪ್ರಶ್ನೆಯೇ ಬರಲ್ಲ, ತಂದ ಹುಡುಗನಿಗೆ ನೀರು ಕೊಟ್ಟು ಕೂರಿಸಿ, ಬಾಕ್ಸನ್ನ ಅವನ ಕೈಯಲ್ಲೇ ವಾಪಸ್ ಕಳಿಸಿ. ಹುಡುಗನ ಮೇಲೆ ಮಾತ್ರ ರೇಗಬೇಡಿ, ಅವನು ಕೂಲಿಗೆ ಬಂದೋನು.

ಇಷ್ಟೆಲ್ಲ ಹೇಳಿದ್ಮೇಲೂ ಬೇಡದ ಉಡುಗೊರೆ ಬಂದೇ ಬರುತ್ತೆ. ಬಂದಾಗ ಎರಡು ಕೈಯಲ್ಲಿ ತಗೊಳಿ, ಕಣ್ಣಿಗೆ ಒತ್ಕೊಳಿ. ಕೊಟ್ಟೋರ ಎದುರಿಗೆ ಬಿಚ್ಚಿ ನೋಡದೇ ಇರೋದು ನಮ್ಮ ಪದ್ಧತಿ, ಅದು ಬಹಳ ಒಳ್ಳೆ ಪದ್ಧತಿ ಅಂತ ನನ್ನ ಅಭಿಪ್ರಾಯ, ಮುಖದಲ್ಲಿ ಬೇಸರ ಕಾಣಿಸೋ ಸಂದರ್ಭವೇ ಬರಲ್ಲ. ಈಗಿನ ಮಕ್ಕಳು ಹುಟ್ಟುಹಬ್ಬದಲ್ಲಿ ಎಲ್ಲರೆದುರು ಪೇಪರ್ ಹರೀತಾರೆ, ಇದು ನನ್ನ ಹತ್ರ ಇದೆ ಅಂತ ಒಂದು ಮಗು ಅಂದ್ರೆ ತಂದ ಮಗುವಿನ ಮುಖ ಸಪ್ಪಗಾಗುತ್ತೆ, ಅದನ್ನ ದೊಡ್ಡೋರು ತಿದ್ದಬೇಕು. ನೀವು ಬಂದ್ರಲ್ಲ ತುಂಬಾ ಸಂತೋಷ ಆಯ್ತು ಅಂತ ಬಂದಿದ್ದರ ಬಗ್ಗೆ ಹೇಳಿ, ಅದು ಸತ್ಯಾನೂ ಹೌದು. ಆದ್ರೆ ಅಯ್ಯೋ ಇದು ನನಗೆ ತುಂಬಾ ಇಷ್ಟ, ಇಂಥದ್ದೇ ಹುಡುಕ್ತಿದ್ದೆ ಅಂತ ಸುಳ್ಳು ಹೊಗಳಿಕೆ ಬೇಡ, ಯಾಕಂದ್ರೆ ಪಾಪ ಅವ್ರು ಅದನ್ನ ನಂಬ್ತಾರೆ, ನೆನಪಿಟ್ಕೊಂಡು ಮುಂದಿನ ವರ್ಷ ಅದನ್ನೇ ಇನ್ನೂ ದೊಡ್ಡದು ತರ್ತಾರೆ. ಅವ್ರ ದುಡ್ಡು ಹಾಗೆ ಹೋಗೋದು ನ್ಯಾಯ ಅಲ್ಲ.

ಬಂದಿದ್ದನ್ನ ಇನ್ನೊಬ್ಬರಿಗೆ ಕೊಡೋದು ತಪ್ಪಾ ಅಂತ ತುಂಬಾ ಜನ ಕೇಳ್ತಾರೆ. ತಪ್ಪಲ್ಲ, ಉಪಯೋಗ ಆಗೋರಿಗೆ ಕೊಟ್ರೆ. ಒಳಗೆ ಹೆಸರಿನ ಚೀಟಿ ಇದೆಯಾ ನೋಡಿ, ಬೆಳ್ಳಿ ಬಟ್ಟಲಿನ ಅಡಿಯಲ್ಲಿ ಹೆಸ್ರು ಕೆತ್ತಿಸಿದ್ದಾರಾ ನೋಡಿ, ಕೊಟ್ಟೋರ ಬಳಗಕ್ಕೇ ವಾಪಸ್ ಹೋಗದ ಹಾಗೆ ನೋಡ್ಕೊಳಿ. ಆದ್ರೆ ಇಲ್ಲಿ ನಾನು ಒಂದು ವಿಷಯಕ್ಕೆ ಕೋಪದಿಂದಲೇ ಬರೀತೀನಿ, ಕ್ಷಮಿಸಿ. ನಮಗೆ ಬೇಡದ್ದೆಲ್ಲ ಮನೆಕೆಲಸ ಮಾಡೋ ಹೆಂಗಸಿಗೆ ಕೊಟ್ಟು ಕೈತೊಳ್ಕೊಳೋ ಅಭ್ಯಾಸ ಇದೆಯಲ್ಲ, ಅದು ಬಹಳ ಕೆಟ್ಟದ್ದು. ನಾಲ್ಕು ದಿನದ ಸ್ವೀಟು, ಬಣ್ಣ ಹೋಗೋ ಬ್ಲೌಸ್ ಪೀಸು, ಮುಚ್ಚಳ ಕೂರದ ಡಬ್ಬಿ, ಇದೆಲ್ಲ ಅವಳಿಗೆ ಕೊಟ್ಟು ಹಬ್ಬಕ್ಕೆ ಕೊಟ್ವಿ ಅಂತ ಲೆಕ್ಕ ಹೇಳ್ತಾರೆ. ಅವಳು ಐದು ಮನೆ ಕೆಲಸ ಮಾಡ್ತಾಳೆ, ಐದು ಮನೆಯಿಂದಲೂ ಅದೇ ಬರುತ್ತೆ, ಅವಳ ಒಂದು ರೂಮಿನ ಮನೇಲಿ ಅದನ್ನೆಲ್ಲ ಎಲ್ಲಿಡ್ತಾಳೆ. ಅವಳಿಗೂ ಬೇಡ ಅನ್ನೋಕೆ ಬಾಯಿ ಬರಲ್ಲ, ನಮಗಿಂತ ಜಾಸ್ತಿ ಕಷ್ಟ ಅವಳಿಗೆ, ಬೇಡ ಅಂದ್ರೆ ಕೆಲಸಕ್ಕೆ ತೊಂದರೆ ಆಗುತ್ತೇನೋ ಅನ್ನೋ ಭಯ. ಹಬ್ಬಕ್ಕೆ ಅವಳಿಗೆ ದುಡ್ಡು ಕೊಡಿ, ಕೈಗೆ ಕೊಡಿ, ಹಬ್ಬಕ್ಕೆ ಮುಂಚೆ ಕೊಡಿ, ಅವಳ ಮಕ್ಕಳಿಗೆ ಏನು ಬೇಕೋ ಅವಳೇ ತಗೋತಾಳೆ. ಮನೇಲಿ ಬಂದ ಹೊಸ ವಸ್ತು ಏನಾದ್ರೂ ಕೊಡೋ ಮನಸ್ಸಿದ್ರೆ ಬಿಚ್ಚಿ ತೋರಿಸಿ, ಬೇಕಾ ನೋಡಮ್ಮ, ಬೇಡ ಅಂದ್ರೂ ಏನೂ ಬೇಜಾರಿಲ್ಲ ಅಂತ ಕೇಳಿ.

ಬಟ್ಟೆಗಳಿಗೆ ಒಂದು ಒಳ್ಳೆ ದಾರಿ ನಮ್ಮ ರಾಜ್ಯದಲ್ಲೇ ಇದೆ. ಧಾರವಾಡ ಹುಬ್ಬಳ್ಳಿ ಕಡೆ ಕೌದಿ ಹೊಲಿಯೋ ಹೆಂಗಸರು ಇದ್ದಾರೆ, ಹಳೇ ಸೀರೆ, ತುಂಡು ಬಟ್ಟೆ ಎಲ್ಲ ಪದರಪದರವಾಗಿ ಸೇರಿಸಿ ಕೈಯಲ್ಲೇ ಹೊಲೀತಾರೆ, ಚಳಿಗೆ ಬೆಚ್ಚಗಿರುತ್ತೆ, ಎಷ್ಟೋ ವರ್ಷ ಬರುತ್ತೆ. ಕಾಟನ್ ಬ್ಲೌಸ್ ಪೀಸುಗಳನ್ನ ಒಟ್ಟು ಮಾಡಿ ಅಂಥೋರಿಗೆ ಕೂಲಿ ಕೊಟ್ಟು ಹೊಲಿಸಿದ್ರೆ ಮನೆಗೆ ಒಂದು ಹೊದಿಕೆ ಆಗುತ್ತೆ, ಅವ್ರಿಗೆ ಕೆಲಸ ಆಗುತ್ತೆ. ಪಾಲಿಯೆಸ್ಟರ್ ಪೀಸುಗಳಿಂದ ತರಕಾರಿ ತರೋ ಚೀಲ ಹೊಲಿಸ್ಬಹುದು, ಗಟ್ಟಿಯಾಗೇ ಬರುತ್ತೆ. ಸ್ಟೀಲ್ ಡಬ್ಬಿ ತಟ್ಟೆ ಲೋಟ ಹತ್ತಿರದ ಅಂಗನವಾಡಿಗೋ ವೃದ್ಧಾಶ್ರಮಕ್ಕೋ ಕೊಡ್ಬಹುದು, ಆದ್ರೆ ಫೋನ್ ಮಾಡಿ ನಿಮಗೆ ಬೇಕಾ ಅಂತ ಕೇಳಿ, ಅಲ್ಲೂ ಜಾಗ ಇರಲ್ಲ. ದೇವರ ವಿಗ್ರಹ, ದೇವರ ಫೋಟೋ ಇರೋ ಗಡಿಯಾರ ಮಾತ್ರ ಯಾರಿಗೂ ಉಡುಗೊರೆ ಕೊಡ್ಬೇಡಿ ಅಂತ ನಾನು ಎಲ್ಲರನ್ನೂ ಬೇಡ್ಕೊಳ್ತೀನಿ. ಎಸೆಯೋಕೆ ಮನಸ್ಸು ಬರಲ್ಲ, ಇಟ್ಕೊಳೋಕೆ ಜಾಗ ಇಲ್ಲ, ಪೂಜೆ ಮಾಡದೇ ಇಟ್ರೆ ಭಯ, ಕೊನೆಗೆ ರಾತ್ರಿ ಹೊತ್ತು ತಗೊಂಡು ಹೋಗಿ ಅರಳಿಕಟ್ಟೆ ಮೇಲೆ ಇಟ್ಟು ಬರ್ತಾರೆ. ನಮ್ಮೂರಿನ ಯಾವ ಅರಳಿಕಟ್ಟೆ ಬೇಕಾದ್ರೂ ನೋಡಿ, ಗಾಜು ಒಡೆದ ಲಕ್ಷ್ಮಿ, ಕೈ ಮುರಿದ ಗಣಪತಿ, ಮಳೆ ಬಿಸಿಲಲ್ಲಿ ಬಿದ್ದಿರುತ್ತೆ. ಎಲ್ಲವೂ ಒಂದು ಕಾಲಕ್ಕೆ ಯಾರದೋ ಗೃಹಪ್ರವೇಶಕ್ಕೋ ದೀಪಾವಳಿಗೋ ಕೊಟ್ಟಿದ್ದಿರುತ್ತೆ.

ಬೇಡ ಅನ್ನಬಾರದ ಉಡುಗೊರೆಗಳೂ ಇವೆ, ಅದನ್ನ ಹೇಳದೇ ಇದ್ರೆ ಈ ಪತ್ರ ಅರ್ಧ ಆಗುತ್ತೆ. ಮದುವೆಯಲ್ಲಿ ಓದಿಸೋ ಮುಯ್ಯಿ ಅಂಥದ್ದು. ಆಶೀರ್ವಾದವೇ ಉಡುಗೊರೆ ಅಂತ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸೋರು ಪೇಟೆಯವರು, ಅವ್ರ ಅನುಕೂಲ ಅವ್ರಿಗೆ. ಆದ್ರೆ ಹಳ್ಳಿ ಕಡೆ ಮುಯ್ಯಿ ಅಂದ್ರೆ ನಿಮ್ಮ ಮನೆ ಮದುವೆಗೆ ಅವ್ರು, ಅವ್ರ ಮನೆ ಮದುವೆಗೆ ನೀವು, ಪುಸ್ತಕದಲ್ಲಿ ಬರೆದಿಟ್ಟು ತೀರಿಸ್ಕೊಂಡು ಬರೋ ಲೆಕ್ಕ. ನೀವು ಹಿಂದೆ ಕೊಟ್ಟಿದ್ದನ್ನ ತೀರಿಸೋಕೆ ಬಂದೋನಿಗೆ ಬೇಡ ಅಂದ್ರೆ ಸಂಬಂಧ ಸಾಕು ಅಂದ ಹಾಗಾಗುತ್ತೆ, ಅವನು ತಲೆತಗ್ಗಿಸಿ ಹೋಗ್ತಾನೆ. ಅದನ್ನ ತಗೊಳ್ಲೇಬೇಕು. ತವರಿನಿಂದ ಬರೋ ಗೌರಿ ಬಾಗಿನಾನೂ ಅಷ್ಟೇ. ಅಣ್ಣ ತಮ್ಮ ಬಸ್ ಹತ್ತಿ ಬಂದು ಕೊಡೋ ಬಾಗಿನದಲ್ಲಿ ಹತ್ತು ಬ್ಲೌಸ್ ಪೀಸ್ ಇದ್ರೂ ಇರ್ಲಿ, ಪ್ಲಾಸ್ಟಿಕ್ ಡಬ್ಬಿ ಇದ್ರೂ ಇರ್ಲಿ, ಅದನ್ನ ತರ್ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಹೇಳಿ ಅಂತ ಯಾರಿಗೂ ಹೇಳಲ್ಲ. ಕೆಲವರು ಇದನ್ನ ಒಪ್ಪದೇ ಇರ್ಬಹುದು, ತವರಿನವರಿಗೂ ಖರ್ಚು ತಾನೇ ಅಂತಾರೆ. ನಿಜ, ಖರ್ಚಾಗುತ್ತೆ ಅನ್ನಿಸಿದ್ರೆ ನೀನು ಬಂದು ಊಟ ಮಾಡ್ಕೊಂಡು ಹೋಗು, ದುಡ್ಡು ಹತ್ತು ರೂಪಾಯಿ ಇಟ್ರೂ ಸಾಕು ಅಂತ ಅಣ್ಣನಿಗೆ ಹೇಳ್ಬಹುದು, ಬರೋದನ್ನ ಮಾತ್ರ ತಪ್ಪಿಸ್ಬಾರ್ದು.

ವಿದೇಶದಲ್ಲಿರೋ ನಮ್ಮ ಮಕ್ಕಳ ಕಷ್ಟಾನೂ ಸ್ವಲ್ಪ ಹೇಳ್ಬೇಕು. ಅಮೆರಿಕದಿಂದ ರಜಕ್ಕೆ ಬಂದ ಹುಡುಗಿಗೆ ಎಲ್ಲ ಮನೆಯಲ್ಲೂ ಕರೆದು ಊಟ ಹಾಕಿ ಸೀರೆ, ಬೆಳ್ಳಿ ಲೋಟ, ಗಂಧದ ವಿಗ್ರಹ ಕೊಡ್ತಾರೆ, ಸಾಮಾನ್ಯವಾಗಿ 23 ಕೆಜಿಯ ಎರಡು ಸೂಟ್‌ಕೇಸಿನಲ್ಲಿ ಅವಳು ಎಷ್ಟು ಅಂತ ತುಂಬ್ಕೊಂಡು ಹೋಗ್ತಾಳೆ. ಎಲ್ಲ ತಾಯಿ ಮನೆ ಅಟ್ಟ ಸೇರುತ್ತೆ. ಮುಂಚೆನೇ ಒಂದು ಫೋನ್ ಮಾಡಿ ನಿನಗೆ ಏನು ಬೇಕು ಪುಟ್ಟ ಅಂತ ಕೇಳಿದ್ರೆ ಹುಳಿಪುಡಿ, ಗೊಜ್ಜವಲಕ್ಕಿ, ಒಂದು ಡಬ್ಬಿ ಮೆಂತ್ಯದ ಹಿಟ್ಟು ಅಂತಾಳೆ ಅಷ್ಟೇ, ಅದು ಕೊಡೋಕೂ ಸುಲಭ, ಅಲ್ಲಿ ಹೋಗಿ ತಿಂಗಳುಗಟ್ಟಲೆ ಅತ್ತೆ ಕೊಟ್ಟಿದ್ದು ಚಿಕ್ಕಮ್ಮ ಕೊಟ್ಟಿದ್ದು ಅಂತ ನೆನೆಸ್ಕೊಂಡು ತಿಂತಾಳೆ.

ಇಲ್ಲ, ನನಗೆ ಬಟ್ಟೆಯೇ ಕೊಡ್ಬೇಕು ಅನ್ನೋ ಆಸೆ ಇರೋರಿಗೆ ಒಂದು ಮಾತು. ಹತ್ತು ಜನಕ್ಕೆ ಹತ್ತು ಪಾಲಿಯೆಸ್ಟರ್ ಕೊಡೋ ಬದ್ಲು ನಿಜವಾಗ್ಲೂ ಹೊಲಿಸಿ ಹಾಕ್ಕೊಳೋ ಒಬ್ಬರಿಗೆ ಒಂದು ಗುಳೇದಗುಡ್ಡದ ಖಣ ಕೊಡಿ. ಬಾಗಲಕೋಟೆ ಜಿಲ್ಲೆಯ ಆ ಊರಲ್ಲಿ ಕುಣಿ ಮಗ್ಗದ ಮೇಲೆ ನೇಯೋರು ಇನ್ನೂ ಇದ್ದಾರೆ, ಆ ಅಂಚು, ಆ ಹೊಳಪು ನೋಡಿದ್ರೇನೇ ಯಾರಿಗಾದ್ರೂ ಹೊಲಿಸ್ಬೇಕು ಅನ್ಸುತ್ತೆ. ಈ ವರ್ಷ ಆ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು. ಕೊಡೋಕೆ ಮುಂಚೆ ಯಾವ ಬಣ್ಣ ನಿಮ್ಮ ಹತ್ರ ಇಲ್ಲ ಅಂತ ಕೇಳಿದ್ರೆ ಅವ್ರಿಗೆ ಇನ್ನೂ ಸಂತೋಷ.

ಈ ಸಲದ ಹಬ್ಬಗಳಿಗೆ ಇನ್ನೂ ಸಮಯ ಇದೆ. ಭಜನಾ ಮಂಡಳಿ, ಮಹಿಳಾ ಸಮಾಜದವರು, ಅಪಾರ್ಟ್‌ಮೆಂಟ್ ಸಂಘದವರು ಸಾಮೂಹಿಕ ಕುಂಕುಮಾರ್ಚನೆಗೆ ಚೀಟಿ ಹೊಡೆಸೋವಾಗ ಅದ್ರಲ್ಲೇ ಒಂದು ಸಾಲು ಸೇರಿಸಿ, ಅರಿಶಿನ ಕುಂಕುಮ ಹೂವು ಹಣ್ಣು ಮಾತ್ರ, ಉಡುಗೊರೆ ಇರೋದಿಲ್ಲ, ಎಲ್ಲರೂ ಬನ್ನಿ ಅಂತ. ಸಂಘದಿಂದಲೇ ಬಂದ ಮಾತಾದ್ರೆ ಯಾರ ಮೇಲೂ ಬರಲ್ಲ, ಕೊಡೋಕೆ ಆಗದೇ ಇರೋ ಮನೆಯವರೂ ಧೈರ್ಯವಾಗಿ ಬರ್ತಾರೆ. ಗೊಂಬೆ ಕೂರಿಸೋ ಮನೆಯವರು ಮಕ್ಕಳಿಗೆ ಪ್ಲಾಸ್ಟಿಕ್ ಪೆನ್ಸಿಲ್ ಬಾಕ್ಸ್ ಬದ್ಲು ಮೊದಲಿನ ಹಾಗೆ ಗೊಂಬೆ ಬಾಗಿನ ಅಂತ ಕೊಬ್ಬರಿ ಮಿಠಾಯಿನೋ ಚಕ್ಕುಲಿನೋ ಕೊಡಿ, ಮಕ್ಕಳು ಗೇಟು ದಾಟೋಕೆ ಮುಂಚೆನೇ ತಿಂದು ಮುಗಿಸ್ತಾರೆ. ನಿಮ್ಮ ಪತ್ರಿಕೆಯವರು ಈ ಕಾಲಂನಲ್ಲಿ ಬೇರೆ ಊರಿನ ಓದುಗರು, ಮುಖ್ಯವಾಗಿ ಉಡಿ ತುಂಬೋ ಪದ್ಧತಿ ಇರೋ ಉತ್ತರ ಕರ್ನಾಟಕದ ಅಕ್ಕ ತಂಗಿಯರು ಅವ್ರ ಕಡೆ ಇದನ್ನ ಹೇಗೆ ಮಾಡ್ತಾರೆ ಅಂತ ಬರೆಯೋಕೆ ಅವಕಾಶ ಕೊಟ್ರೆ ನಮಗೂ ತಿಳ್ಕೊಂಡ ಹಾಗಾಗುತ್ತೆ.

ಇಂತಿ ತಮ್ಮ ವಿಶ್ವಾಸಿ,
ಓದುಗಿ, ಮೈಸೂರು